ಫೋಲ್ಡರ್ ತೆರೆದವರು ಯಾರು

ನುಜ್ಹತ್ ಈಗ ಯಲ್ಲಾಪುರದ ಸೊಸೆ. ಶಿರಸಿಯಲ್ಲಿ ನಮ್ಮ ಸ್ಟುಡಿಯೊದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಾಗ ಅವಳಿಗೆ ಇನ್ನೂ ಮದುವೆಯ ಮಾತು ಬಂದಿರಲಿಲ್ಲ. ಸ್ಟುಡಿಯೊ ವಾನಳ್ಳಿ ಕಡೆಯ ವಿಘ್ನೇಶ್ವರ ಹೆಗಡೆಯವರದು. ನಾನು ಅಲ್ಲಿ ಫೋಟೊಗಳಿಗೆ ಕಟ್ಟು ಹಾಕುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಗಾಜು ಕೊಯ್ಯುವುದು, ಹಿಂದೆ ರಟ್ಟು ಇಟ್ಟು ಮೊಳೆ ಹೊಡೆಯುವುದು. ನನ್ನ ಮೇಜಿನಿಂದ ಅವಳ ಪರದೆ ಪೂರ್ತಿ ಕಾಣುತ್ತಿತ್ತು. ಕಂಡಷ್ಟನ್ನು ಬರೆಯುತ್ತೇನೆ.

ಅವಳ ಅಪ್ಪ ಲಾರಿ ಓಡಿಸುತ್ತಿದ್ದವನು, ಅವಳು ಶಾಲೆಯಲ್ಲಿರುವಾಗಲೇ ತೀರಿಹೋಗಿದ್ದ. ತಾಯಿ ಬಿಸ್ಮಿಲ್ಲಾ ಬಿ ಮನೆಯಲ್ಲೇ ಲಂಗ ಹೊಲಿಯುತ್ತಿದ್ದಳು. ಅಣ್ಣ ಸೊಹೇಲ್‌ನದು ಸಾಮಾನು ಹೇರುವ ಟೆಂಪೊ. ನುಜ್ಹತ್ ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದಿದ್ದಳು. ಮಾತು ಕಡಿಮೆ. ಫೋಟೊದಲ್ಲಿ ಹುಡುಗಿಯರ ಮುಖದ ಮೊಡವೆ ತೆಗೆಯುತ್ತಿದ್ದಳು, ಮಚ್ಚೆ ತೆಗೆಯುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ‘ಮೊಡವೆ ಮುಂದಿನ ವಾರ ತಾನೇ ಹೋಗ್ತದೆ ಲಕ್ಷ್ಮಕ್ಕಾ. ಮಚ್ಚೆ ತೆಗೆದ್ರೆ ಬೇರೆಯವಳ ಫೋಟೊ ಆಗ್ತದೆ’ ಎಂದಿದ್ದಳು.

ನಮ್ಮ ಸ್ಟುಡಿಯೊದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಸತ್ತವರ ಫೋಟೊ, ಮದುವೆಯ ಫೋಟೊ ಎರಡೂ ಒಂದೇ ಮೇಜಿನ ಮೇಲೆ ಬರುವಂತಿಲ್ಲ. ರೀಲಿನ ಕಾಲದಲ್ಲಿ ಅದಕ್ಕೆ ಎರಡು ಬೇರೆ ಬೇರೆ ಕಪಾಟು ಇದ್ದವು. ವೈಕುಂಠ ಸಮಾರಾಧನೆಗೆಂದು ಕಟ್ಟು ಹಾಕಿಸಿದ ಅಜ್ಜನ ಪಕ್ಕ ಮದುಮಗಳ ಮುಖ ಕಂಡರೆ ಗಿರಾಕಿಗಳು ಮೆಟ್ಟಿಲಿನಿಂದಲೇ ತಿರುಗಿ ಹೋಗುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಹೆಗಡೆಯವರು ಅದನ್ನು ಬಿಡಲಿಲ್ಲ. ಒಂದು ಮನೆಯ ಶುಭಕ್ಕೆ ಒಂದು ಫೋಲ್ಡರ್, ಅಶುಭಕ್ಕೆ ಇನ್ನೊಂದು. ಜಾತಕದ ಜೊತೆ ಕಳಿಸಲು ತೆಗೆಸಿದ ಹೆಣ್ಣುಮಕ್ಕಳ ಫೋಟೊಗಳಿಗೆ ಮತ್ತೊಂದು. ಯಾರ ಮನೆಯದೂ ಯಾರ ಮನೆಯದರ ಜೊತೆ ಬೆರೆಯಬಾರದು. ನುಜ್ಹತ್ ಹೇಳಿದ ಹಾಗೆ ಮಾಡುತ್ತಾ ಹೋದಳು. ಎರಡು ವರ್ಷದಲ್ಲಿ ಎಷ್ಟಾದವೋ, ಯಾರೂ ಎಣಿಸಲಿಲ್ಲ.

ಫೋಲ್ಡರ್ ತೆರೆದರೆ ಒಳಗಿನದು ಎರಡು ಥರ ಕಾಣುತ್ತದೆ. ಚಿಕ್ಕ ಚಿಕ್ಕ ಚಿತ್ರಗಳಾಗಿ ಕಂಡರೆ ಗಿರಾಕಿ ‘ಇದು, ಇದು’ ಎಂದು ಬೆರಳು ತೋರಿಸಬಹುದು. ಇಲ್ಲದಿದ್ದರೆ ಬರೀ ಹೆಸರುಗಳ ಸಾಲು. ಹೆಸರೆಂದರೆ ಕ್ಯಾಮೆರಾ ಕೊಟ್ಟ ಇಂಗ್ಲಿಷ್ ಅಕ್ಷರ, ಅಂಕಿ. ನನಗಂತೂ ಅದು ಇರುವೆ ಸಾಲು. ನುಜ್ಹತ್ ಪ್ರತಿಯೊಂದನ್ನೂ ಚಿತ್ರವಾಗಿ ಕಾಣುವಂತೆ ಮಾಡಿಯೇ ಮುಚ್ಚುತ್ತಿದ್ದಳು.

ಆ ಮಾಘಮಾಸದಲ್ಲಿ ದಾಸನಕೊಪ್ಪದ ಪರಮೇಶ್ವರಪ್ಪ ಬಂದರು. ಮಗಳ ಫೋಟೊ ಇನ್ನೊಂದಿಷ್ಟು ಪ್ರತಿ ಬೇಕಾಗಿತ್ತು. ಹೆಗಡೆಯವರೇ ಫೋಲ್ಡರ್ ತೆರೆದರು. ಚಿತ್ರ ಇಲ್ಲ, ಸಾಲು. ಏನೋ ಆಗಿರಬೇಕೆಂದು ಸರಿ ಮಾಡಿಕೊಟ್ಟರು. ಅನುಮಾನ ಬಂದು ಬೇರೆ ಹೆಣ್ಣುಮಕ್ಕಳ ಫೋಲ್ಡರುಗಳನ್ನೂ ತೆರೆದು ನೋಡಿದರು. ಕೆಲವು ಸರಿ ಇದ್ದವು, ಕೆಲವು ಸಾಲಾಗಿದ್ದವು. ಎಲ್ಲವನ್ನೂ ಸರಿ ಮಾಡಿದರು. ಕೆಲ ದಿನ ಬಿಟ್ಟು ಪರಮೇಶ್ವರಪ್ಪ ಮತ್ತೆ ಬಂದಾಗ ಮತ್ತೆ ಸಾಲು.

ಹೆಗಡೆಯವರ ಲೆಕ್ಕ ಸರಳವಾಗಿತ್ತು. ಚಿತ್ರವಾಗಿ ಬಿಟ್ಟದ್ದು ಸಾಲಾಗಿದೆ ಎಂದರೆ ಯಾರೋ ತೆರೆದಿದ್ದಾರೆ. ಹೆಣ್ಣುಮಕ್ಕಳದ್ದೇ ತೆರೆದಿದ್ದಾರೆ ಎಂದರೆ ತೆರೆದವನು ಗಂಡಸು. ಸಂಜೆ ತಂಗಿಯನ್ನು ಕರೆದೊಯ್ಯಲು ಬಂದು ಅಂಗಡಿಯ ಒಳಗೆ ಕಾಯುವ ಗಂಡಸು ಒಬ್ಬನೇ.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೂ ಆಗುತ್ತಿತ್ತು. ಪರಮೇಶ್ವರಪ್ಪನವರ ಎದುರಿಗೇ ಆಡಿಬಿಟ್ಟರು. ‘ನಾನು ಇಲ್ಲದಾಗ ಯಾರೋ ಹೆಣ್ಣುಮಕ್ಕಳ ಫೋಟೊ ತೆಗೆದು ನೋಡ್ತಿದ್ದಾರೆ. ಯಾರು ಅಂತ ನನಗೆ ಅಂದಾಜಿದೆ’ ಎಂದು, ರಸ್ತೆಯಲ್ಲಿ ನಿಂತ ಟೆಂಪೊ ಕಡೆ ಗೋಣು ತಿರುಗಿಸಿದರು.

ಪರಮೇಶ್ವರಪ್ಪನವರ ಮುಖ ಕಪ್ಪಿಟ್ಟಿತು. ‘ಹೆಗಡೇರ, ಹೆಣ್ಣ ಹುಡುಗಿ ವಿಚಾರ ಐತ್ರಿ ಇದು. ನೋಡಿ ಬಂದೋಬಸ್ತ ಮಾಡ್ರಿ’ ಎಂದು ಹೋದರು.

ಮರುದಿನ ನುಜ್ಹತ್ ಬಂದ ಕೂಡಲೇ ಹೆಗಡೆಯವರು ಕೇಳಿದರು. ‘ನಿನ್ನ ಅಣ್ಣ ಕಂಪ್ಯೂಟರ್ ಮುಟ್ತಾನಾ?’

‘ಇಲ್ಲ ಸರ್. ಅವನಿಗೆ ಆನ್ ಮಾಡೋಕೂ ಬರೋದಿಲ್ಲ.’

‘ಮತ್ತೆ ಹೆಣ್ಣುಮಕ್ಕಳ ಫೋಲ್ಡರ್ ಯಾಕೆ ಬದಲಾಗ್ತಿವೆ?’

‘ಸರ್, ಸತ್ತವರ ಫೋಲ್ಡರೂ ಹಾಗೇ ಆಗ್ತಿವೆ. ಹೆಗ್ಗರಣೆ ಊರಿನ ಅಜ್ಜಂದು ಮೊನ್ನೆ ನಾನೇ ನೋಡಿದೆ. ಸತ್ತವರ ಫೋಟೊ ಕದ್ದು ನೋಡೋರು ಯಾರಿದ್ದಾರೆ?’

ಹೆಗಡೆಯವರು ಆ ಫೋಲ್ಡರ್ ತೆರೆದು ನೋಡಬಹುದಿತ್ತು. ಬೆಳಗಿನ ಬೋಣಿಗೆ ಮೊದಲು ಅಶುಭದ್ದು ತೆರೆಯುವವರಲ್ಲ ಅವರು. ‘ಮಾತು ತಿರುಗಿಸಬೇಡ. ಯಾರು ಅಂತ ಇತ್ಯರ್ಥ ಆಗೋವರೆಗೆ ನೀನು ಬರೋದು ಬೇಡ’ ಎಂದರು.

ಅವಳು ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡಳು. ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. ‘ಬೇರೆ ಕೆಲಸ ಹುಡುಕಬಹುದು ಲಕ್ಷ್ಮಕ್ಕಾ. ಆದ್ರೆ ಈ ಮಾತು ಊರಲ್ಲಿ ಹಬ್ಬಿದ್ರೆ ಯಾರು ನನ್ನ ಕೈಗೆ ಮನೆ ಹೆಣ್ಣುಮಕ್ಕಳ ಫೋಟೊ ಕೊಡ್ತಾರೆ? ಅಣ್ಣನ್ನ ಯಾರು ಮನೆ ಬಾಗಿಲಿಗೆ ಟೆಂಪೊ ತರೋಕೆ ಬಿಡ್ತಾರೆ?’

ಆಮೇಲೆ ಕಂಪ್ಯೂಟರಿಗೆ ಹೆಗಡೆಯವರೇ ಕೂತರು. ಮದುವೆಗಳ ಕಾಲ, ದಿನವೂ ಹೊಸ ಮನೆಗಳು, ಹೊಸ ಫೋಲ್ಡರುಗಳು. ಹಳೆಯವನ್ನೆಲ್ಲ ಹುಡುಕಿ ಚಿತ್ರ ಮಾಡಿಟ್ಟರು. ವಾರ ಕಳೆಯುವುದರೊಳಗೆ ಅವುಗಳಲ್ಲಿ ಮತ್ತೆ ಕೆಲವು ಸಾಲು.

‘ಲಕ್ಷ್ಮಕ್ಕಾ, ನೀನೆಂತಾದ್ರೂ ಮುಟ್ಟಿದ್ಯ?’ ಎಂದು ನಮ್ಮ ಹವಿಗನ್ನಡದಲ್ಲಿ ನನ್ನನ್ನು ಕೇಳಿದರು.

‘ಆನೆಂತಕ್ಕೆ ಮುಟ್ಲಿ ಮಾರಾಯ? ಯಂಗೆ ಗಾಜು ಕೊಯ್ಯಲೇ ಪುರುಸೊತ್ತಿಲ್ಲೆ.’

‘ಹಾಂಗಾರೆ ಆ ಅಣ್ಣ-ತಂಗಿ ಬೀಗದಕೈ ನಕಲು ಮಾಡಿಸಿಕ್ಕು.’

ಬಾಗಿಲಿಗೆ ಹೊಸ ಬೀಗ ಬಂತು. ಸಂಜೆ ಮನೆಗೆ ಹೋಗುವಾಗ ಮೌಸಿನ ಮೇಲೆ ಒಂದು ಅಕ್ಕಿಕಾಳು ಇಟ್ಟು, ಮೇಲೆ ಬಟ್ಟೆ ಹೊದಿಸಿ ಹೋಗತೊಡಗಿದರು. ಯಾರಾದರೂ ಮುಟ್ಟಿದರೆ ಕಾಳು ಉರುಳಬೇಕು. ಬೆಳಗ್ಗೆ ಬಟ್ಟೆ ಎತ್ತುವಾಗ ನನ್ನನ್ನೂ ಕರೆದು ತೋರಿಸುತ್ತಿದ್ದರು. ಕಾಳು ಇಟ್ಟಲ್ಲೇ ಇರುತ್ತಿತ್ತು. ಹಗಲೆಲ್ಲ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚುತ್ತಿದ್ದರು. ಹಾಗಿದ್ದೂ ಒಂದು ಬೆಳಗ್ಗೆ ಪರಮೇಶ್ವರಪ್ಪನವರ ಫೋಲ್ಡರ್ ತೆರೆದರೆ ಸಾಲು.

ಹೆಗಡೆಯವರು ನನ್ನ ಕಡೆ ತಿರುಗಿದರು. ‘ಅಕ್ಕಿಕಾಳು ಇದ್ದಲ್ಲೇ ಇದ್ದು. ಫೋಲ್ಡರ್ ಮಾತ್ರ ಬದಲಾಗೋಯ್ದು. ಇದೆಂತದೇ ಇದು?’

‘ಎಂತದೋ ಯಂಗೆ ತಿಳಿತಿಲ್ಲೆ. ಆ ನುಜ್ಹತ್ ಕೂಸು ಮುಟ್ಟಿದ್ದಲ್ಲ ಹೇಳಿ ಮಾತ್ರ ಆತಲ’ ಎಂದೆ.

ಕಂಪ್ಯೂಟರ್ ಜೋಡಿಸಿಕೊಟ್ಟ ಹುಬ್ಬಳ್ಳಿಯ ಸಂಗಯ್ಯನಿಗೆ ಹೆಗಡೆಯವರು ಫೋನು ಹಚ್ಚಿದರು. ಸಂಗಯ್ಯ ಗಟ್ಟಿ ಗಂಟಲಿನವನು. ಅವನ ಮಾತು ನನ್ನ ಮೇಜಿಗೂ ಕೇಳುತ್ತಿತ್ತು.

‘ಒಟ್ಟ ಎಷ್ಟ ಫೋಲ್ಡರ್ ಅದಾವ್ರಿ ಅದರಾಗ?’

‘ಎಣಿಸಿಲ್ಲ. ಮನೆಗೆ ಎರಡೋ ಮೂರೋ.’

‘ಒಂದ ಮನಿಗೆ ಮೂರ ಯಾಕ್ರಿ?’

‘ಸತ್ತವರದ್ದೂ ಮದುವೇದ್ದೂ ಒಂದೇ ಕಡೆ ಇಡೋಕಾಗ್ತದಾ?’

ಸಂಗಯ್ಯ ನಕ್ಕ ಸದ್ದು ಕೇಳಿತು. ‘ಕಂಪ್ಯೂಟರಿಗೆ ಎಲ್ಲೀ ಸೂತಕರಿ ಹೆಗಡೇರ! ಕೇಳ್ರಿ ಇಲ್ಲೆ. ಯಾವ ಫೋಲ್ಡರ್ ಹೆಂಗ ತೋರಸಬೇಕು ಅನ್ನೂದು ಅದಕ್ಕ ನಾಲ್ಕುನೂರರ ತನಕಾ ಅಷ್ಟ ನೆನಪಿರತೈತಿ. ಆಮ್ಯಾಲೆ ಹೊಸಾದು ಬಂದಂಗ ಹಳೇದು ಮರೀತೈತಿ. ಮರೆತದ್ದು ಸಾಲಾಗಿ ಕಾಣತೈತಿ.’

‘ಯಾರೂ ತೆರೆಯದೆಯಾ?’

‘ಯಾರೂ ತೆರೀದನ. ಆ ಲೆಕ್ಕ ಹೆಚ್ಚು ಮಾಡಾಕ ಬರತೈತಿ. ಶಿರಸಿಗೆ ಬಂದಾಗ ಮಾಡಿಕೊಡತೀನಿ ತಗೋರಿ.’

ಫೋನು ಇಟ್ಟ ಮೇಲೆ ಹೆಗಡೆಯವರು ಅಶುಭದ ಫೋಲ್ಡರುಗಳನ್ನು ಒಂದೊಂದಾಗಿ ತೆರೆದರು. ಹೆಗ್ಗರಣೆ ಅಜ್ಜ ಸಾಲು. ಪಕ್ಕದ ಊರಿನ ಅಜ್ಜಿ ಸಾಲು. ನುಜ್ಹತ್ ಹೇಳಿದಂತೆಯೇ ಇತ್ತು.

ಸಂಜೆ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ ಎಂದು ನನ್ನ ಎಣಿಕೆ. ಬಿಸ್ಮಿಲ್ಲಾ ಬಿ ಹೊಲಿಗೆ ಯಂತ್ರದ ಹಿಂದಿನಿಂದ ಎದ್ದು ಬಂದಳು.

‘ಬರ್ರಿ ಹೆಗಡೇರೆ. ಫೋಟೊ ಕದಿಯೋರ ಮನೆ ಇದು. ಚಪ್ಪಲಿ ಒಳಗೇ ತಗೊಂಡು ಬನ್ನಿ, ಹೊರಗಿದ್ರೆ ಕಳೀತದೆ.’

‘ಅಮ್ಮಾ...’ ಎಂದಳು ನುಜ್ಹತ್.

ಹೆಗಡೆಯವರು ಸಂಗಯ್ಯ ಹೇಳಿದ್ದನ್ನು ಹೇಳಿದರು. ‘ಹಾಗಾಗಿ ನಾಳೆಯಿಂದ ಬಾ’ ಎಂದು ಮುಗಿಸಿದರು, ಏನೋ ದಾರಿಯಲ್ಲಿ ಹೋಗುವಾಗ ಕರೆದ ಹಾಗೆ.

ನುಜ್ಹತ್ ಕೇಳಿದಳು. ‘ನೀವು ನಂಬಿದ್ರಿ ಸರ್. ಪರಮೇಶ್ವರಪ್ಪ? ಅವರ ಎದುರು ಹೇಳಿದ್ದನ್ನ ಅವರ ಎದುರೇ ವಾಪಸ್ ತಗೋಬೇಕು. ಅಣ್ಣನೂ ಅಲ್ಲಿ ಇರಬೇಕು.’

‘ದಾಸನಕೊಪ್ಪಕ್ಕೆ ಹೋಗಬೇಕಾ?’

‘ಟೆಂಪೊ ಇದೆ’ ಎಂದ ಬಾಗಿಲಲ್ಲಿ ನಿಂತಿದ್ದ ಸೊಹೇಲ್. ‘ಬಾಡಿಗೆ ಬೇಡ.’

ನುಜ್ಹತ್ ನನ್ನ ಕಡೆ ತಿರುಗಿದಳು. ‘ನೀವೂ ಹೋಗಿ ಲಕ್ಷ್ಮಕ್ಕಾ. ಯಾರು ಏನು ಅಂದ್ರು ಅಂತ ಇದ್ದ ಹಾಗೇ ನನಗೆ ಹೇಳಿ.’

ಭಾನುವಾರ ಹೋದೆವು. ಟೆಂಪೊದ ಮುಂದಿನ ಸೀಟಿನಲ್ಲಿ ಸೊಹೇಲ್, ನಡುವೆ ಹೆಗಡೆಯವರು, ಬಾಗಿಲ ಬದಿಗೆ ನಾನು. ಬನವಾಸಿ ರಸ್ತೆಗೆ ಬಿದ್ದ ಮೇಲೆ ಸೊಹೇಲ್ ಹೇಳಿದ. ‘ಹೆಗಡೇರೆ, ನಿಮ್ಮ ಅಂಗಡಿಯಲ್ಲಿ ನಾನು ದಿನಾ ನೋಡಿದ್ದು ಒಂದೇ ಫೋಟೊ. ಗೋಡೆ ಮೇಲಿನ ನಿಮ್ಮ ಅಪ್ಪಯ್ಯಂದು. ಅವರೂ ನಿಮ್ಮ ಹಾಗೇ ನೋಡ್ತಾರೆ, ಎಲ್ಲಿ ಕೂತ್ರೂ ನನ್ನನ್ನೇ.’ ಹೆಗಡೆಯವರು ನಗಬೇಕೋ ಬೇಡವೋ ತಿಳಿಯದೆ ಕಿಟಕಿ ಹುಡುಕಿದರು. ಕಿಟಕಿ ನನ್ನ ಬದಿಗಿತ್ತು.

ಪರಮೇಶ್ವರಪ್ಪ ಜಗಲಿಯಲ್ಲಿದ್ದರು. ಹೆಗಡೆಯವರು ನಿಂತೇ ಹೇಳಿದರು. ‘ಅವತ್ತು ನಾನು ಆಡಿದ್ದು ತಪ್ಪಾಯ್ತು. ಯಾರೂ ಫೋಲ್ಡರ್ ತೆರೆದಿಲ್ಲ. ಈ ಹುಡುಗಂದು ಏನೂ ಇಲ್ಲ.’

‘ಯಾರೂ ತೆರೀದ ಹೆಂಗ ಬದಲಾತ್ರಿ?’

‘ಕಂಪ್ಯೂಟರ್ ಮರೀತದಂತೆ.’

‘ಮಿಶಿನ್ ಮರೀತೈತಿ?’ ಪರಮೇಶ್ವರಪ್ಪ ಹುಬ್ಬೇರಿಸಿದರು. ‘ಮರೀಬಾರದು ಅಂತನ ಅಲ್ಲೇನ್ರಿ ಮಿಶಿನ್ ತರೂದು? ಖರೇ ಹೇಳ್ರಿ. ಇವರು ಬಂದು ನಿಮಗ ಏನರ ಒತ್ತಾಯ ಮಾಡ್ಯಾರೇನು?’

‘ಇಲ್ಲ, ಇಲ್ಲ. ನಾನೇ ಬೀಗ ಬದಲು ಮಾಡಿದೆ. ಅಕ್ಕಿಕಾಳು ಇಟ್ಟು ನೋಡಿದೆ.’

‘ಅಕ್ಕಿಕಾಳು?’

ಹೆಗಡೆಯವರು ಮೌಸು, ಕಾಳು, ಬಟ್ಟೆ, ನಾಲ್ಕುನೂರು, ಸಂಗಯ್ಯ ಎಲ್ಲವನ್ನೂ ಹೇಳಿದರು. ಹೇಳಿದಷ್ಟೂ ಪರಮೇಶ್ವರಪ್ಪನವರ ಕಣ್ಣು ಕಿರಿದಾಗುತ್ತಾ ಹೋಯಿತು. ಕಟ್ಟಿದ ಕತೆ ಕೇಳುವವರ ಮುಖ ಅದು. ಹೆಗಡೆಯವರ ದನಿ ಏರಿತು. ‘ನನ್ನ ಮಾತು ಯಾಕೆ ನಂಬೋದಿಲ್ಲ ನೀವು? ನಿಮ್ಮ ಮಗಳ ಫೋಟೊ ಯಾರೂ ನೋಡಿಲ್ಲ. ನಾನು ಸುಮ್ಮನೆ ಈ ಹುಡುಗನ ಮೇಲೆ ಹಾಕಿದೆ. ನನ್ನದೇ ತಪ್ಪು.’

ಆ ಕೊನೆಯ ಮಾತಿಗೆ ಪರಮೇಶ್ವರಪ್ಪ ಸೊಹೇಲ್‌ನನ್ನು ಮೇಲಿಂದ ಕೆಳಗೆ ನೋಡಿದರು. ಅವನೂ ಕಣ್ಣು ತಗ್ಗಿಸಲಿಲ್ಲ. ‘ತಪ್ಪು ಅಂತ ಇಷ್ಟ ದೂರ ಹೇಳಾಕ ಬಂದೀರಿ ಅಂದ್ರ ಸುಳ್ಳ ಇರಲಿಕ್ಕಿಲ್ಲ ಬಿಡ್ರಿ’ ಎಂದು ಒಳಗೆ ಕೂಗಿ ಮಜ್ಜಿಗೆ ತರಿಸಿದರು.

ಶಿರಸಿಗೆ ಬಂದು ನುಜ್ಹತ್‌ಗೆ ಆಡಿದ ಮಾತನ್ನು ಆಡಿದ ಕ್ರಮದಲ್ಲೇ ಹೇಳಿದೆ. ‘ಇರಲಿಕ್ಕಿಲ್ಲ’ ಎಂದರು, ‘ಇಲ್ಲ’ ಎನ್ನಲಿಲ್ಲ ಎಂಬುದನ್ನೂ ಬಿಡಲಿಲ್ಲ.

‘ಮಜ್ಜಿಗೆ ಅಣ್ಣನಿಗೂ ಕೊಟ್ರಾ?’

‘ಕೊಟ್ರು.’

‘ಎಲ್ಲಿ ಕೂರಿಸಿದ್ರು?’

‘ಜಗಲಿಯ ಮೇಲೆ. ಹೆಗಡೇರ ಪಕ್ಕದಲ್ಲೇ.’

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ‘ಪೂರ್ತಿ ನಂಬಿಲ್ಲ’ ಎಂದಳು. ‘ಆದ್ರೂ ಅಷ್ಟು ಸಾಕು. ನಾಳೆ ಬರ್ತೇನೆ.’

ಮುಂದೆ ಸಂಗಯ್ಯ ಹುಬ್ಬಳ್ಳಿಯಿಂದ ಬಂದು ಕಂಪ್ಯೂಟರಿನ ಲೆಕ್ಕ ಹೆಚ್ಚು ಮಾಡಿದ. ಅವನು ಬಗ್ಗಿ ನಿಂತು ಏನೇನೋ ಒತ್ತುತ್ತಿದ್ದಾಗ ಹೆಗಡೆಯವರು ಬೆನ್ನ ಹಿಂದೆಯೇ ನಿಂತು, ‘ಅದೆಂತ ತೆಗೆದೆ? ಇದ್ಯಾಕೆ ಮುಟ್ಟಿದೆ? ಫೋಟೊ ಏನೂ ತಗೊಂಡು ಹೋಗ್ತಾ ಇಲ್ಲ ತಾನೆ?’ ಎಂದು ಬಿಡದೆ ಕೇಳುತ್ತಿದ್ದರು. ಸಂಗಯ್ಯ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನನಗೆ ನಗು ಬಂತು. ನುಜ್ಹತ್ ನಗಲಿಲ್ಲ. ತನ್ನ ಕುರ್ಚಿಯನ್ನು ಎಳೆದು ತಂದು, ‘ಕೂತ್ಕೊಂಡು ಮಾಡಿ ಅಣ್ಣಾ’ ಎಂದು ಸಂಗಯ್ಯನಿಗೆ ಕೊಟ್ಟು, ಹೆಗಡೆಯವರಿಗೂ ಅವನಿಗೂ ನಡುವೆ ಹೋಗಿ ನಿಂತುಕೊಂಡಳು.