ಡೋಣಿ ದಂಡೆಯಲ್ಲಿ ದೂರದ ಲೆನ್ಸು

ಸೊಲ್ಲಾಪುರದಿಂದ ಬೆಳಗಿನ ಬಸ್ಸು ಹೊರಟಾಗ ನನ್ನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಒಂದು ಗಂಟಿತ್ತು. ಪಕ್ಕದಲ್ಲಿ ಕೂತ ಹಿರಿಯರು ಅದನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ "ತುಪ್ಪ ಏನ್ರಿ?" ಎಂದು ಕೇಳಿದರು. ಅಲ್ಲ, ಕ್ಯಾಮರಾದ ಲೆನ್ಸು ಎಂದೆ. ಅವರ ಆಸಕ್ತಿ ಅಲ್ಲಿಗೇ ಮುಗಿಯಿತು.

ಮುದ್ದೇಬಿಹಾಳದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ದೊಡ್ಡ ಬರ ಮುಗಿದು ಎರಡನೆಯ ಮಳೆಗಾಲ ಅದು. ಜನರ ಮುಖಕ್ಕೆ ಮತ್ತೆ ಕಳೆ ಬಂದು, ಮದುವೆಗಳಿಗೆ ಫೋಟೋ ತೆಗೆಸುವ ಉಮೇದು ಹುಟ್ಟಿತ್ತು. ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸು ಬೇಕೆಂದು ನನಗೆ ಬಹಳ ದಿನಗಳಿಂದ ಹುಚ್ಚು. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಸೊಲ್ಲಾಪುರದ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಇದು ಸಿಕ್ಕಿತು. ಜಪಾನಿನದು, ಯಾರು ಯಾರ ಕೈಯಲ್ಲೋ ಸವೆದು ಬಣ್ಣ ಹೋದದ್ದು. ಮೈಮೇಲಿನ ಬಳೆ ತಿರುಗಿಸಿದರೆ ದೂರದ ಗುಡಿಯ ಕಳಸ ಕೈಗೆ ಎಟುಕುವಷ್ಟು ಹತ್ತಿರ ಬರುತ್ತಿತ್ತು. "ಪಂದ್ರಾ ದಿವಸ ಇಟಗೊಂಡ ನೋಡ್ರಿ. ಮನಸಿಗೆ ಬರಲಿಲ್ಲಂದ್ರ ಹೊಳ್ಳಿ ತಂದ ಕೊಡ್ರಿ" ಎಂದಿದ್ದ ಅಂಗಡಿಯವ. ಹದಿನೈದು ದಿನದ ಗಡುವಿತ್ತಲ್ಲ, ಬಿಜಾಪುರದ ನೇರ ದಾರಿ ಬಿಟ್ಟು, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸುತ್ತಿ, ಲೆನ್ಸನ್ನು ಪರೀಕ್ಷೆ ಮಾಡುತ್ತ ಊರು ಸೇರೋಣವೆಂದು ಹೊರಟಿದ್ದೆ.

ಝಳಕಿಯಲ್ಲಿ ಇಳಿದೆ. ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಚುರುಮುರಿ, ಮಿರ್ಚಿ ಭಜಿ, ಎರಡು ಕಪ್ ಚಹಾ ಆಯಿತು. ರಸ್ತೆಯ ಅಂಚಿಗೆ ನಿಂತು ಬರುವ ಲಾರಿಗಳ ಮೇಲೆ ಲೆನ್ಸು ಹಿಡಿದೆ. ಬರಿಗಣ್ಣಿಗೆ ಬರೀ ಧೂಳಾಗಿದ್ದ ಲಾರಿಯ ನಂಬರು ಸ್ಪಷ್ಟವಾಗಿ ಓದಲು ಬಂತು. ಒಬ್ಬ ಡ್ರೈವರ್ ನನ್ನನ್ನು ಸರಕಾರದವನೆಂದು ತಿಳಿದು ಗಾಡಿ ನಿಲ್ಲಿಸಿ ಕಾಗದ ತೋರಿಸಲು ಬಂದ. ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಇಂಡಿಯ ಬಸ್ಸು ಬಂತು.

ಇಂಡಿಯಲ್ಲಿ ಮಳೆ ಹಿಡಿಯಿತು. ಉತ್ತರಿ ಮಳೆ ನಮ್ಮ ಕಡೆ ಸುರಿದರೆ ಸುರಿದದ್ದೇ. ನಿಂಬೆ ತೋಟವೊಂದರ ಗುಡಿಸಲಲ್ಲಿ ನಿಂತು, ಹನಿ ಹೊತ್ತ ಕಾಯಿಗಳ ಎರಡು ಫೋಟೋ ತೆಗೆದು, ಪರಿಚಯದವರ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಉಂಡು ಮಲಗಿದೆ.

ಮರುದಿನ ಸಿಂದಗಿ. ಪೇಟೆಯಲ್ಲಿ ಗದ್ದಲವಿತ್ತು, ನನಗೆ ಬಯಲು ಬೇಕಿತ್ತು. ಸೈಕಲ್ಲು ಬಾಡಿಗೆಗೆ ಹಿಡಿದು ಯಂಕಂಚಿಯ ಕಡೆ ಹೋದೆ. ತೊಗರಿ ಹೊಲದ ಆಚೆ ಚಿಗರಿಯ ಹಿಂಡು ಮೇಯುತ್ತಿತ್ತು. ಕುರಿ ಕಾಯುತ್ತಿದ್ದ ಒಬ್ಬ ಹಿರಿಯ ಹತ್ತಿರ ಬಂದು "ಏನ್ ನೋಡಾಕತ್ತೀರಿ?" ಎಂದ. ಕ್ಯಾಮರಾ ಅವನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ, "ಇಷ್ಟ ಹತ್ರ ಬಂದ್ನಿ, ಆದ್ರೂ ಅವು ಓಡವಲ್ಲವು ನೋಡ್ರಿ" ಎಂದು ಬೆರಗಾದ. ನನಗೆ ಮಾತ್ರ ಬೇಸರವಾಗಿತ್ತು. ಸೂರ್ಯನ ಕಡೆ ತಿರುಗಿಸಿದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಒಳಗಿನ ಗಾಜಿಗೆ ತೆಳ್ಳಗೆ ಬೂಷ್ಟು ಹಿಡಿದಿತ್ತು. ಅಂಗಡಿಯವ ಸರಿಯಾಗಿ ಟೋಪಿ ಹಾಕಿದ್ದಾನೆಂದು ಬೈದುಕೊಂಡು, ವಾಪಸ್ಸು ಕೊಡುವುದೆಂದು ತೀರ್ಮಾನಿಸಿ ಸಿಂದಗಿಗೆ ಮರಳಿದೆ.

ಮೂರನೆಯ ದಿನ ಮಧ್ಯಾಹ್ನ ಬಾಗೇವಾಡಿಯ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಹಳದಿ ಚೀಲವೊಂದನ್ನು ಎದೆಗೆ ಅವಚಿ ಕೂತಿದ್ದಳು. ಅತ್ತು ಮುಗಿಸಿದ ಮುಖ. ನನ್ನ ಪಕ್ಕದಲ್ಲಿದ್ದವರು ಆಕೆಯ ಮಾವ, ಸಂಗಪ್ಪನವರು. ಅವರೇ ತಗ್ಗಿದ ದನಿಯಲ್ಲಿ ಹೇಳಿದರು.

"ನಮ್ಮ ಸೊಸಿ ಗೌರವ್ವ. ಈಕಿ ಅವ್ವ ನಿನ್ನಿ ರಾತ್ರಿ ಲಿಂಗೈಕ್ಯ ಆದ್ಳ್ರಿ. ತವರಮನಿ ಡೋಣಿ ದಾಟಿದ ಕೂಡ್ಲೆ ಐತಿ. ಮುಂಜಾನೆ ಆಳ ಬಂದ ಹೇಳ್ದ. ಹೊತ್ತ ಮುಣಗೂದ್ರಾಗ ಮಣ್ಣ ಕೊಡಬೇಕು. ಮಗಳು ಅವ್ವನ ಮಾರಿ ನೋಡಿ ಶರಣ ಮಾಡೂತನಕ ಅವ್ರೂ ಎತ್ತೂದಿಲ್ಲ."

ಚೀಲದಲ್ಲಿ ತಾಯಿಗೆ ಹೊದಿಸಲು ಮಗಳ ಮನೆಯಿಂದ ಒಯ್ಯುವ ಸೀರೆ ಇತ್ತು.

ಡೋಣಿ ಎಂದರೆ ಬೇಸಿಗೆಯಲ್ಲಿ ಎಮ್ಮೆ ದಾಟುವ ಹಳ್ಳ. ಮಳೆ ಬಂದರೆ ಅದರ ಅವತಾರವೇ ಬೇರೆ. ಮುಂಜಾನೆ ಆಳು ದಾಟಿ ಬಂದ ಮೇಲೆ ಮೇಲ್ಗಡೆ ಎಲ್ಲೋ ಮಳೆಯಾಗಿರಬೇಕು, ನಾವು ದಂಡೆ ಮುಟ್ಟಿದಾಗ ನೆಲಮಟ್ಟದ ಸೇತುವೆ ಕಾಣಿಸಲೇ ಇಲ್ಲ. ಅಂಚಿನ ಕಲ್ಲುಗಳೂ ಮುಳುಗಿ, ಎರೆಮಣ್ಣಿನ ಕಪ್ಪು ನೀರು ಮುಳ್ಳುಕಂಟಿಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಕಂಡಕ್ಟರ್ ಇಳಿದು ನೋಡಿ ಬಂದು, "ಮುಂದ ಹೋಗಂಗಿಲ್ರಿ. ನಾಳಿ ಮುಂಜಾನೆ ಮಟಾ ಇಲ್ಲೇ" ಎಂದ. ಗೌರವ್ವ ಯಾರ ಮಾತಿಗೂ ಕಾಯದೆ ಇಳಿದು ನೀರಿನತ್ತ ನಡೆದಳು. ಸಂಗಪ್ಪನವರು ಓಡಿಹೋಗಿ ರಟ್ಟೆ ಹಿಡಿದರು.

ಆಚೆ ದಂಡೆಯಲ್ಲಿ ಜನ ನಿಂತಿದ್ದರು. ಬೇರೆ ದಿನವಾದರೆ ಕೂಗಿ ಮಾತಾಡಬಹುದಾದ ದೂರ. ಅಂದು ನೀರಿನ ಸದ್ದಿಗೆ ಏನೂ ಕೇಳುವಂತಿರಲಿಲ್ಲ. ಗೌರವ್ವ ಚೀಲದಿಂದ ಹಸಿರು ಸೀರೆ ತೆಗೆದಳು. ನಾನೂ ಕಂಡಕ್ಟರೂ ಎರಡು ತುದಿ ಹಿಡಿದು ಎತ್ತಿದೆವು. ಅದನ್ನು ಕಂಡು, ಮಗಳು ಬಂದಳೆಂದು ತಿಳಿದು, ಆಚೆಯವರಲ್ಲಿ ಒಬ್ಬ ಊರ ಕಡೆ ಓಡಿದ. ಆತ ಆಕೆಯ ತಮ್ಮನಂತೆ. ಸ್ವಲ್ಪ ಹೊತ್ತಿಗೆ ಭಜನೆಯವರು ಬಂದರು, ಅವರ ಹಿಂದೆ ವಿಮಾನ ಬಂತು.

ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂರಿಸಿ ಒಯ್ಯುತ್ತಾರೆ. ಬಿದಿರಿನ ವಿಮಾನದಲ್ಲಿ, ಹೂವಿನ ನಡುವೆ, ಬದುಕಿದ್ದಾಗ ಪೂಜೆಗೆ ಕೂತಂತೆಯೇ ನೆಟ್ಟಗೆ. ಮಲಗಿಸಿ ಒಯ್ಯುವ ಪದ್ಧತಿ ಇದ್ದಿದ್ದರೆ ಆ ದೂರಕ್ಕೆ ಬಟ್ಟೆಯ ಗಂಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೊತ್ತವರು ನೀರಿನ ಅಂಚಿಗೆ ಬಂದು, ವಿಮಾನವನ್ನು ನಮ್ಮ ಕಡೆ ಮುಖ ಮಾಡಿ ಹಿಡಿದು ನಿಂತರು. ಮಗಳು ಕಣ್ಣು ಕಿರಿದು ಮಾಡಿ ನೋಡಿದಳು. "ಮಾರಿ ಕಾಣವಲ್ದು ಮಾವಾರ. ಬರೇ ಹೂವಾ ಕಾಣಾಕತ್ತಾವು" ಎಂದಳು.

ನಾನು ಬಸ್ಸಿಗೆ ಓಡಿ ಕ್ಯಾಮರಾವನ್ನೂ ಲೆನ್ಸಿನ ಗಂಟನ್ನೂ ತಂದೆ. ಟವೆಲು ಬಿಚ್ಚಿ ಲೆನ್ಸು ಕೂಡಿಸಿದೆ. ಬಳೆಯನ್ನು ಕೊನೆಯವರೆಗೆ ತಿರುಗಿಸಿ ನೋಡಿದೆ. ಬಿಸಿಲು ಪಕ್ಕದಿಂದ ಬೀಳುತ್ತಿತ್ತು, ಚಿತ್ರ ತಿಳಿಯಾಗಿತ್ತು. ಚೆಂಡುಹೂವಿನ ನಡುವೆ ಮುಚ್ಚಿದ ಕಣ್ಣು, ವಿಭೂತಿ ಹಚ್ಚಿದ ಬೆಳ್ಳಗಿನ ಹಣೆ, ಒಳಕ್ಕೆ ಹೋದ ಗಲ್ಲ. "ಬಾರವ್ವ, ಇಲ್ಲಿ ನೋಡು" ಎಂದು ಕರೆದು, ಆಕೆಗೆ ಬೆನ್ನು ಮಾಡಿ ನಿಂತು ಲೆನ್ಸನ್ನು ನನ್ನ ಹೆಗಲ ಮೇಲೆ ಇಟ್ಟೆ. ಕ್ಯಾಮರಾವನ್ನು ಎರಡೂ ಕೈಯಲ್ಲಿ ಹಿಡಿಯಲು ಹೇಳಿದೆ. ಕಣ್ಣೀರಿಗೆ ಗಾಜು ಮಂಜಾಯಿತು. ಸಂಗಪ್ಪನವರು ತಮ್ಮ ರುಮಾಲಿನ ತುದಿಯಿಂದ ಒರೆಸಿದರು. ಆಕೆ ಮತ್ತೆ ಕಣ್ಣು ಹಚ್ಚಿದಳು.

"ಅವ್ವಾ" ಎಂದಳು.

ನಾನು ಉಸಿರು ಬಿಗಿಹಿಡಿದೆ. ನನ್ನ ಉಸಿರಿಗೆ ಹೆಗಲು ಅಲುಗಿದರೂ ಆಕೆಗೆ ತಾಯಿ ಅಲುಗಿದಂತೆ ಕಾಣುತ್ತದೆ. ಫೋಟೋ ತೆಗೆಯುವ ಗುಂಡಿ ನನ್ನ ಕೈಗೆ ಎಟುಕುವಂತಿತ್ತು. ಒತ್ತಿದ್ದರೆ ಆ ತಾಯಿಯದೊಂದು ಫೋಟೋ ಆಗುತ್ತಿತ್ತು. ಆದರೆ ಒತ್ತಿದ ಗಳಿಗೆಯಲ್ಲಿ ಕ್ಯಾಮರಾದೊಳಗೆ ಕತ್ತಲಾಗುತ್ತದೆ. ಅಷ್ಟು ಹೊತ್ತು ಕೂಡ ಆಕೆಯ ಕಣ್ಣಿಂದ ತಾಯಿಯನ್ನು ಮರೆಮಾಡಲು ನನಗೆ ಮನಸ್ಸಾಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಆಚೆ ದಂಡೆಯಲ್ಲಿ ಹೊತ್ತವರು ಹೆಗಲು ಬದಲಿಸಿದರು. ಮಗಳು ಕೈ ಮುಗಿಯುವುದನ್ನೇ ಕಾಯುತ್ತಿದ್ದರು. ಈಕೆಯ ಎರಡೂ ಕೈ ಕ್ಯಾಮರಾದ ಮೇಲಿದ್ದವು. ಸಂಗಪ್ಪನವರು ಮೆಲ್ಲಗೆ, "ಸಾಕು ತಂಗಿ. ಹೊತ್ತವ್ರು ಎಷ್ಟೊತ್ತ ನಿಂದ್ರಬೇಕು? ಶರಣ ಮಾಡು" ಎಂದರು. ಆಕೆ ಕದಲಲಿಲ್ಲ. ಅವರು ಮತ್ತೊಮ್ಮೆ ಹೇಳಿದರು.

"ಹೆಂಗ ಬಿಡ್ಲಿರಿ ಮಾವಾರ? ಇಲ್ಲೇ ಅದಾಳ. ಇಷ್ಟ ಹತ್ರ ಅದಾಳ."

ಉಪಕಾರ ಮಾಡಲು ಹೋಗಿ ಆಕೆಯನ್ನು ಎಂಥ ಇಕ್ಕಟ್ಟಿಗೆ ಸಿಲುಕಿಸಿದೆನಲ್ಲ ಎಂದು ನನಗೆ ಹೆದರಿಕೆಯಾಯಿತು. ಕ್ಯಾಮರಾ ಕಿತ್ತುಕೊಳ್ಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಗೌರವ್ವನೇ ಕೇಳಿದಳು: "ಅಣ್ಣಾರ, ಅವ್ವನ್ನ ಸಣ್ಣಾಕಿ ಮಾಡಾಕ ಬರ್ತೈತೇನ್ರಿ? ಸಾವಕಾಶ ಮಾಡ್ರಿ."

ನಾನು ಕೈ ಚಾಚಿ ಲೆನ್ಸಿನ ಬಳೆಯನ್ನು ಹಿಂದಕ್ಕೆ ತಿರುಗಿಸತೊಡಗಿದೆ. ನನಗೇನೂ ಕಾಣುತ್ತಿರಲಿಲ್ಲ, ಆಕೆಯ ಮಾತಿನಿಂದಲೇ ತಿಳಿಯುತ್ತಿತ್ತು. "ಈಗ ವಿಮಾನ ಪೂರಾ ಕಂಡ್ತು... ಈಗ ತಮ್ಮನೂ ಕಂಡ... ಈಗ ಮಂದ್ಯಾಗ ಕೂಡಿದ್ಳು." ಬಳೆ ತುದಿ ಮುಟ್ಟಿ ನಿಂತಿತು. ನನ್ನ ಹೆಗಲ ಮೇಲಿನ ಭಾರ ಒಮ್ಮೆಲೇ ಜಾರಿತು. ತಿರುಗಿ ಕ್ಯಾಮರಾ ಹಿಡಿದುಕೊಂಡೆ. ಗೌರವ್ವ ಎರಡೂ ಕೈ ಎತ್ತಿ ಜೋಡಿಸಿ ನಿಂತಿದ್ದಳು. ಆಚೆ ದಂಡೆಯಲ್ಲಿ ವಿಮಾನ ತಿರುಗಿತು.

ಆ ರಾತ್ರಿ ಎಲ್ಲರೂ ಬಸ್ಸಿನಲ್ಲೇ ಕೂತು ಕಳೆದೆವು. ಬೆಳಿಗ್ಗೆ ನೀರು ಇಳಿದು ಸೇತುವೆಯ ಕಲ್ಲುಗಳು ಕಂಡವು. ಬಸ್ಸು ಕೆಸರಿನಲ್ಲಿ ಒಲೆದಾಡುತ್ತ ದಾಟಿತು. ಆಚೆ ಕಡೆ, ಊರಿಗೆ ಹೋಗುವ ಬಂಡಿದಾರಿ ಕೂಡುವಲ್ಲಿ ತಮ್ಮ ಒಬ್ಬನೇ ಕಾಯುತ್ತಿದ್ದ. ಗೌರವ್ವ ಇಳಿದಳು, ಹಿಂದೆ ಸಂಗಪ್ಪನವರೂ ಇಳಿದರು. ಆತ ಅಕ್ಕನ ಹತ್ತಿರ ಬರುವ ಮೊದಲೇ, ಅಲ್ಲಿಂದಲೇ ಕೇಳಿದ: "ಅಕ್ಕಾ, ಅವ್ವ ಕಂಡ್ಳೇನ?"

ರಾತ್ರಿಯಿಡೀ ಆತ ಅದೊಂದನ್ನೇ ನೆನೆಯುತ್ತ ಕೂತಿರಬೇಕು.

"ಕಂಡ್ಳೋ ತಮ್ಮಾ" ಎಂದಳು ಗೌರವ್ವ. "ಈಬತ್ತಿ ಸೊಟ್ಟ ಹಚ್ಚಿದ್ದೆಲ್ಲೋ."

ನಾನೂ ಆ ಹಣೆಯನ್ನು ನೋಡಿದ್ದೆ. ವಿಭೂತಿ ಸೊಟ್ಟಗಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಕೆಯ ತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ರಸ್ತೆಯಲ್ಲೇ ಕುಸಿದು ಕೂತ. ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಬಾಗೇವಾಡಿಯ ಕಡೆ ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಅಕ್ಕ ಅವನ ಪಕ್ಕದಲ್ಲಿ ಕೂತು, ಆ ಹಸಿರು ಸೀರೆಯ ಸೆರಗಿನಿಂದ ಅವನ ಮುಖ ಒರೆಸುತ್ತಿದ್ದಳು.