ನಾವು ನಾಟಕದಾಗ ಬಂದದ್ದು

ನಾಟಕ ನೋಡುವುದಕ್ಕಿಂತ, ನೋಡಿ ಬಂದ ಮೇಲೆ ಅದನ್ನು ಬೈಯುವುದರಲ್ಲಿ ನನಗೆ ಹೆಚ್ಚು ಸುಖ. ನಾಟಕ ಚೆನ್ನಾಗಿದ್ದರೆ ಬೇಜಾರಾಗುತ್ತದೆ. "ಚಲೋ ಇತ್ತು" ಎಂದರೆ ಮಾತು ಮುಗಿಯಿತು, ಚಹಾ ಇನ್ನೂ ಅರ್ಧ ಕಪ್ಪು ಉಳಿದಿರುತ್ತದೆ. ಕೆಟ್ಟ ನಾಟಕ ಹಾಗಲ್ಲ, ವಾರಗಟ್ಟಲೆ ಬಾಳಿಕೆ ಬರುತ್ತದೆ. ದೇವರ ದಯೆಯಿಂದ ನಮ್ಮ ಕಡೆ ಕೆಟ್ಟ ನಾಟಕಗಳಿಗೆ ಎಂದೂ ಕೊರತೆಯಾಗಿಲ್ಲ.

ಸಿಂದಗಿಯಲ್ಲಿ ನನ್ನದೊಂದು ಚಷ್ಮಾದ ಅಂಗಡಿ. ಮುಂಜಾನೆ ಗಿರಾಕಿಗಳಿಗಿಂತ ಮೊದಲು ಅಲ್ಲಿಗೆ ಬರುವವರು ಇಬ್ಬರು. ಒಬ್ಬರು ಹೈಸ್ಕೂಲಿನ ಗಣಿತದ ಮಾಸ್ತರರಾದ ಕುಲಕರ್ಣಿ ಸರ್. ಮೂಲ ಮಹಾರಾಷ್ಟ್ರದ ಗಡಿಯ ಇಂಡಿ ಊರಿನವರು, ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಹರೆಯದಲ್ಲಿ ಸೊಲ್ಲಾಪುರದಲ್ಲಿ ಓದುವಾಗ ಒಂದಷ್ಟು ಮರಾಠಿ ನಾಟಕ ನೋಡಿದ್ದರು. ಅಂದಿನಿಂದ ಕನ್ನಡದ ಯಾವ ನಾಟಕವೂ ಅವರ ಕೈಯಲ್ಲಿ ಪಾಸಾಗಿಲ್ಲ. ಇನ್ನೊಬ್ಬರು ಗಂಗಕ್ಕ, ಸರಕಾರಿ ದವಾಖಾನೆಯಿಂದ ನಿವೃತ್ತರಾದ ನರ್ಸ್. ರಂಗದ ಮೇಲೆ ತಾಯಿಯೊಬ್ಬಳು "ಮಗನೇ" ಎಂದರೆ ಸಾಕು, ಇವರ ಸೆರಗು ಒದ್ದೆ. ಮರುದಿನ ಅದೇ ತಾಯಿಯ ಬಗ್ಗೆ ತೀರ್ಪು ಕೊಡುವಾಗ ಮಾತ್ರ ಸೂಜಿ ಚುಚ್ಚುವ ಮುಂಚಿನ ನರ್ಸಿನ ದನಿ ಬಂದುಬಿಡುತ್ತದೆ. "ಅಳಾಕ ಬರೂದಿಲ್ಲ ಆಕಿಗೆ" ಎನ್ನುತ್ತಾರೆ. ಹಾಗಾದರೆ ನಿನ್ನೆ ಅತ್ತವರು ಯಾರು ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇಲ್ಲ.

ಹಳೆಯ ಲಾಕ್ಷಣಿಕರು ಪ್ರೇಕ್ಷಕನನ್ನು ಸಹೃದಯ ಎಂದು ಕರೆದರು. ಪಾಪ, ಅವರು ನಮ್ಮ ಕಡೆ ಬಂದಿರಲಿಲ್ಲ. ನಾವು ಮೂವರೂ ಹೃದಯವನ್ನು ಮನೆಯಲ್ಲಿಟ್ಟು ನಾಲಗೆಯನ್ನಷ್ಟೇ ತೆಗೆದುಕೊಂಡು ಹೋಗುವವರು. ಅಗರಖೇಡದಲ್ಲಿ ಊರವರು ಆಡಿದ ನಾಟಕಕ್ಕೂ ಹೋಗಿದ್ದೆವು. ವಿಷ ಕುಡಿದ ನಾಯಕಿ ಇನ್ನೇನು ಪ್ರಾಣ ಬಿಡಬೇಕು, ಅಷ್ಟರಲ್ಲಿ ಮೈಕಿನಲ್ಲಿ ಸನ್ಮಾನವೆಂದು ಕೂಗಿದರು, ಯಾರೋ ಅಭಿಮಾನಿ ಬಂದು ಶಾಲು ಹೊದಿಸಿದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ಮತ್ತೊಬ್ಬ. ಆ ಹೆಣ್ಣುಮಗಳು ಬೇಸಿಗೆಯ ಸೆಕೆಯಲ್ಲಿ ಶಾಲುಗಳ ಅಡಿಯಲ್ಲಿ ಬೆವೆತು ಸತ್ತಳೇ ಹೊರತು ವಿಷದಿಂದಲ್ಲ. ಗೊಳಸಂಗಿಯಲ್ಲಿ ಪೊಲೀಸ್ ಇನ್ಸ್‌ಪೆಕ್ಟರನ ಪಾತ್ರ ಮಾಡಿದವನ ಬೀಗರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರೆದುರಿಗೆ ಖಳನಾಯಕನಿಂದ ಹೊಡೆಸಿಕೊಳ್ಳಲು ಆತ ಸುತರಾಂ ಒಪ್ಪಲಿಲ್ಲ. ಕೊನೆಯ ಅಂಕದಲ್ಲಿ ಆಗಬೇಕಿದ್ದ ಅರೆಸ್ಟನ್ನು ಮೊದಲನೇ ಅಂಕದಲ್ಲೇ ಮಾಡಿಬಿಟ್ಟ. ಉಳಿದ ನಾಟಕ ಖಳನಾಯಕನಿಲ್ಲದೆ ನಡೆಯಿತು. ಎಲ್ಲರೂ ಸುಖವಾಗಿದ್ದರು, ಪ್ರೇಕ್ಷಕರ ಹೊರತಾಗಿ.

ಇಂಥ ನಮ್ಮ ಕೈಗೆ ಆ ವರ್ಷ ಒಂದು ವೃತ್ತಿ ನಾಟಕ ಕಂಪನಿ ಸಿಕ್ಕಿತು. ಸಿಂದಗಿಯ ಹೊರಗೆ ತಗಡಿನ ಥಿಯೇಟರು ಕಟ್ಟಿ ಕ್ಯಾಂಪ್ ಹಾಕಿದರು. ನಾಟಕದ ಹೆಸರು 'ಬಳಿ ತೊಡಿಸಿದಾಂವ ಬರಲಿಲ್ಲ'. ನಾವು ಮೊದಲ ವಾರವೇ ಸಂಜೆಯ ಆಟಕ್ಕೆ ಹೋಗಿ ಬಂದೆವು. ಮರುದಿನ ಮುಂಜಾನೆ ನನ್ನ ಅಂಗಡಿಯಲ್ಲಿ ಶವಪರೀಕ್ಷೆ ಶುರುವಾಯಿತು.

ಅದೇ ಹೊತ್ತಿಗೆ ಸಣಕಲು ಮನುಷ್ಯನೊಬ್ಬ ಕಡ್ಡಿ ಕಳಚಿದ ಚಷ್ಮಾ ಹಿಡಿದು ಬಂದ. ಗಂಟಲು ಕೆಟ್ಟವನಂತೆ ಕೊರಳಿಗೆ ಮಫ್ಲರು, ಮುಖದಲ್ಲಿ ನಿದ್ದೆ. ಸ್ಟೂಲು ತೋರಿಸಿ ಕೂರಿಸಿದೆ.

"ಆ ಹಾಸ್ಯಗಾರನ್ನ ನೋಡಿದ್ರಿಲ್ಲೋ?" ಎಂದರು ಕುಲಕರ್ಣಿ ಸರ್. "ಅವನ ಜೋಕು ಬರೂಕಿಂತ ಮೊದಲ ಅದರ ವಾಸನಿ ಬರ್ತದ. ಸೊಲ್ಲಾಪುರದಾಗ ಇಂಥಾವನ್ನ ಪರದೆ ಎಳೀಲಿಕ್ಕೂ ಇಟ್ಕೊಳ್ಳಂಗಿಲ್ಲ."

"ಪರದೆ ಎಳ್ಯಾಕರ ಕೈಯಾಗ ಕಸುವು ಬೇಕಲ್ರಿ ಸರ," ಎಂದರು ಗಂಗಕ್ಕ. "ಅಂವ ಕುಡಕನ ಪಾರ್ಟ್ ಮಾಡಾಕತ್ತಾನೋ, ಖರೇನ ಕುಡದ ಬಂದಾನೋ, ತಿಳೀಲೇ ಇಲ್ಲ. ನಾಡಿ ಹಿಡದ ನೋಡಬೇಕಾಗಿತ್ತು."

ನಾನು ಸ್ಕ್ರೂ ತಿರುವುತ್ತಲೇ ಗಿರಾಕಿಯನ್ನು ಮಾತಿಗೆಳೆದೆ. "ನೀವು ನೋಡೀರೇನ್ರಿ ಈ ನಾಟಕ?"

"ದಿನಾ ನೋಡ್ತೇನ್ರಿ."

"ದಿನಾ?" ಗಂಗಕ್ಕ ತಮ್ಮ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಮನ್ಯಾಗ ಏನರ ತ್ರಾಸ ಐತೇನಪಾ?"

"ಹೊಟ್ಟಿಪಾಡ್ರಿ ಅಕ್ಕಾರ," ಎಂದ ಆತ. ಆಮೇಲೆ ಕುಲಕರ್ಣಿ ಸರ್ ಕಡೆ ತಿರುಗಿ, "ಮುಂದ ಹೇಳ್ರಿ ಸರ, ಚಲೋ ಹೇಳಾಕತ್ತೀರಿ," ಎಂದ.

ಇಂಥ ಪ್ರೋತ್ಸಾಹ ಸರ್‌ಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಎದ್ದು ನಿಂತರು. ಮರಾಠಿ ರಂಗಭೂಮಿಯಲ್ಲಿ ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ, ಹೇಗೆ ಕೈ ಎತ್ತಿ ನಗುತ್ತಾರೆ ಎಂದು ಮಾಡಿ ತೋರಿಸಿದರು. ಗಂಗಕ್ಕ ನಾಯಕಿಯ ಅಳುವನ್ನು ಅತ್ತು ತೋರಿಸಿದರು. ನಾನೂ ಸುಮ್ಮನಿರಲಿಲ್ಲ. ಒಂದು ಚಷ್ಮಾ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ ಏರಿಸಿಕೊಂಡು ಕತೆಯಲ್ಲಿರುವ ದೋಷಗಳನ್ನು ವಿವರಿಸಿದೆ. ಆತ ರಿಪೇರಿಯಾದ ಚಷ್ಮಾ ಹಾಕಿಕೊಂಡು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ, ಸಾವಕಾಶ, ಕಾಲಿನಿಂದ ತಲೆಯವರೆಗೆ ನೋಡಿದ.

"ಈಗ ಭಾಳ ಛಂದ ಕಾಣಾಕತ್ತೈತಿ ನೋಡ್ರಿ," ಎಂದು ಹೇಳಿ ಹೋದ.

ಎರಡು ದಿನ ಬಿಟ್ಟು ಎದುರಿನ ಹೋಟೆಲಿನವನು ಚಹಾ ಕೊಡುತ್ತ, "ಏನ್ರಿ ಈರಣ್ಣಾರ, ನಾಟಕದಾಗ ಬಂದೀರಂತ ಹೇಳಲೇ ಇಲ್ಲಲ್ರಿ!" ಎಂದು ನಕ್ಕ. ನನಗೆ ತಲೆಬುಡ ತಿಳಿಯಲಿಲ್ಲ. ಆ ಸಂಜೆ ಮೂವರೂ ಮತ್ತೆ ಥಿಯೇಟರಿಗೆ ಓಡಿದೆವು.

ನಾಟಕದ ನಡುವೆ ನಾಯಕಿಯ ಮದುವೆಯ ದೃಶ್ಯವೊಂದಿದೆ. ಮೊದಲ ಸಲ ನೋಡಿದಾಗ ಅಲ್ಲಿ ಬೀಗರೆಂದು ಮೂರು ಜನ ಸುಮ್ಮನೆ ಕೂತಿದ್ದರು. ಈಗ ಅವರಿಗೆ ಬಾಯಿ ಬಂದಿತ್ತು. ಒಬ್ಬ ಹಣೆಗೊಂದು, ಮೂಗಿಗೊಂದು ಚಷ್ಮಾ ಹಾಕಿಕೊಂಡು ಬಂದು, ಮದುಮಗನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿ, "ಹುಡುಗ ಛಂದ ಅದಾನ, ಆದರ ಕತೀಯೊಳಗ ದೋಷ ಐತಿ," ಎಂದ. ಸೀರೆಯುಟ್ಟ ಇನ್ನೊಬ್ಬ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತು, ಥಟ್ಟನೆ ಸೆರಗು ತೆಗೆದು, "ಮದುಮಗಳಿಗೆ ಅಳಾಕ ಬರೂದಿಲ್ಲ ಬಿಡ್ರಿ," ಎಂದ. ಮೂರನೆಯವನಾಗಿ ಬಂದ ಹಾಸ್ಯಗಾರ ಮಫ್ಲರಿನ ಆ ಸಣಕಲನೇ! ಕಂಪನಿಯ ರಾಜೇಸಾಬ. ಅಂಗಡಿಯಲ್ಲಿ ಬಣ್ಣವಿಲ್ಲದ ಮುಖ ನೋಡಿ ನಮಗೆ ಗುರುತೇ ಸಿಕ್ಕಿರಲಿಲ್ಲ. ಕಚ್ಚೆಯ ಧೋತರ, ಕರಿ ಟೋಪಿ. ಅಕ್ಕಿಕಾಳು ಬಿದ್ದರೆ ತಪ್ಪು, ಓಲಗ ಊದಿದರೆ ತಪ್ಪು. ಪ್ರತಿ ತಪ್ಪಿಗೂ ಕೈ ಎತ್ತಿ ಒಂದು ನಗೆ, ಮರಾಠಿಯಲ್ಲಿ ಒಂದಿಷ್ಟು ಗೊಣಗಾಟ, ಆಮೇಲೆ ಅದೇ ಒಂದು ಮಾತು. "ಸೊಲ್ಲಾಪುರದಾಗ ಹಿಂಗ ಇರಂಗಿಲ್ಲ!"

ತಗಡು ಹಾರಿಹೋಗುವಂತೆ ಜನ ನಕ್ಕರು. ಮುಂದಿನ ಸಾಲಿನವರು ತಿರುಗಿ ನಮ್ಮನ್ನೇ ನೋಡಿದರು. ಹಿಂದಿನವರು ಎದ್ದು ನಿಂತು ನೋಡಿದರು. ಗಂಗಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅದನ್ನು ಕಂಡು ಜನ ಇನ್ನಷ್ಟು ನಕ್ಕರು.

ಕುಲಕರ್ಣಿ ಸರ್ ಎದ್ದು ನಡೆದೇಬಿಟ್ಟರು. ನಾನು ಹಿಂದೆಯೇ ಓಡಿದೆ. ಹೊರಗೆ ಸೋಡಾ ಅಂಗಡಿಯ ಬಳಿ ಅವರು ನನ್ನ ಕಡೆ ತಿರುಗಿ ನಿಂತರು.

"ಇಷ್ಟು ವರ್ಷ ಸಾಲಿಯೊಳಗ ಮರ್ಯಾದಿಯಿಂದ ಬಾಳ್ವಿ ಮಾಡೀನಿ, ಈರಣ್ಣ. ನಾಳೆ ಯಾವ ಮಾರಿ ಇಟ್ಕೊಂಡು ಕ್ಲಾಸಿಗೆ ಹೋಗ್ಲಿ?"

"ನಗಲಿ ಬಿಡ್ರಿ ಸರ. ನಮ್ಮನ್ನೂ ತೋರಿಸ್ಯಾರಲ್ಲ..."

"ನೀ ನಕ್ಕಿ. ನಾ ನೋಡೀನಿ. ನನ್ನ ಪಾರ್ಟ್ ಬಂದಾಗ ನೀ ನಕ್ಕಿ."

ಸುಳ್ಳು ಹೇಳಬಹುದಿತ್ತು, ಆದರೆ ನನ್ನ ಕಣ್ಣಲ್ಲಿ ನಕ್ಕ ನೀರು ಇನ್ನೂ ಆರಿರಲಿಲ್ಲ. ಅವರು ಮನೆಯ ದಾರಿ ಹಿಡಿದರು.

ಮರುದಿನ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಉತ್ತರ ಬರೆದದ್ದೇ ತಡ, ಹಿಂದಿನ ಬೆಂಚಿನಿಂದ "ಸೊಲ್ಲಾಪುರದಾಗ ಹಿಂಗ ಇರಂಗಿಲ್ಲ" ಎಂಬ ದನಿ ಬಂತಂತೆ. ಸರ್ ಚಾಕ್‌ಪೀಸ್ ಇಟ್ಟು, ರಜೆ ಹಾಕಿ ಮನೆ ಸೇರಿದರಂತೆ. ಫೋನು ಮಾಡಿದರೆ ಅವರ ಮನೆಯವರು ಎತ್ತಿ, "ಪೂಜಾದಾಗ ಕೂತಾರ್ರಿ" ಎನ್ನುತ್ತಿದ್ದರು. ದಿನದ ಯಾವ ಹೊತ್ತಿಗೆ ಮಾಡಿದರೂ ಪೂಜೆಯೇ. ಇತ್ತ ಗಂಗಕ್ಕ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದರು, ನಮಗೆ ಮಾತೇ ಸಾಗುತ್ತಿರಲಿಲ್ಲ. ಕುಲಕರ್ಣಿ ಸರ್ ಒಪ್ಪದಿದ್ದ ಎಷ್ಟೋ ಸಂಗತಿಗಳಿಂದಲೇ ನಮ್ಮ ಮುಂಜಾನೆ ನಡೆಯುತ್ತಿತ್ತೆಂದು ಆಗ ತಿಳಿಯಿತು. ಅವರಿಲ್ಲದೆ ಚಹಾ ಬೇಗ ಮುಗಿಯುತ್ತಿತ್ತು.

ಇಷ್ಟಾದ ಮೇಲೆ ಆ ನಾಟಕದ ಕಡೆ ತಲೆ ಹಾಕಬಾರದು, ಅಲ್ಲವೇ? ಹಾಗೆಂದು ಗಂಗಕ್ಕನಿಗೆ ನಾನೇ ಖಡಕ್ಕಾಗಿ ಹೇಳಿದೆ. ಅವರೂ ಆಣೆ ಮಾಡಿ ಒಪ್ಪಿದರು. ಆ ಶನಿವಾರ ಅಂಗಡಿ ಬೇಗ ಮುಚ್ಚಿ, ತಲೆಗೆ ಟವೆಲು ಸುತ್ತಿಕೊಂಡು, ಒಬ್ಬನೇ ಹೋಗಿ ಥಿಯೇಟರಿನ ಕೊನೆಯ ಸಾಲಿನಲ್ಲಿ ಕೂತೆ. ನನ್ನ ಪಾತ್ರದವನು ಹಣೆಯ ಚಷ್ಮಾ ಸರಿ ಮಾಡಿಕೊಳ್ಳುವ ರೀತಿ ಇನ್ನೊಮ್ಮೆ ನೋಡಬೇಕೆನಿಸಿತ್ತು, ಅಷ್ಟೇ. ಮಧ್ಯಂತರದಲ್ಲಿ ಮಿರ್ಚಿ ಭಜಿ ತಿನ್ನಲು ಹೊರಗೆ ಬಂದರೆ, ಕಡಾಯಿಯ ಈ ಬದಿಗೆ ನಾನು, ಆ ಬದಿಗೆ ಗಂಗಕ್ಕ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಮಂಕಿಕ್ಯಾಪ್ ಹಾಕಿದ ಒಂದು ಕೈ ಬಂದು... ಅಲ್ಲ, ಕ್ಯಾಪ್ ತಲೆಯ ಮೇಲಿತ್ತು, ಕೈ ಭಜಿಗೆ ಬಂತು. ಬೇಸಿಗೆಯಲ್ಲಿ ಮಂಕಿಕ್ಯಾಪ್ ಹಾಕಿದ ಮನುಷ್ಯನನ್ನು ಯಾರು ತಾನೇ ನೋಡದೆ ಬಿಟ್ಟಾರು?

"ಸರ!" ಎಂದರು ಗಂಗಕ್ಕ.

ಸರ್ ಓಡಿಹೋಗುವವರಂತೆ ಒಂದು ಹೆಜ್ಜೆ ಇಟ್ಟರು. ಆಮೇಲೆ ಕ್ಯಾಪ್ ತೆಗೆದು, ಬೆವರು ಒರೆಸಿಕೊಂಡು, ಗಂಭೀರವಾಗಿ ಹೇಳಿದರು. "ಆ ರಾಜೇಸಾಬನ ಮರಾಠಿ ಭಾಳ ಅಶುದ್ಧ ಅದ. ನನ್ನ ಹೆಸರಿನ ಮ್ಯಾಲ ಅಂಥಾ ಮರಾಠಿ ಮಾತಾಡಿದ್ರ ನಾ ಹೆಂಗ ಸುಮ್ಮನಿರ್ಲಿ?"

ಭಜಿ ಬಿಟ್ಟು ಸೀದಾ ಪರದೆಯ ಹಿಂದೆ ನಡೆದರು. ಜಗಳವಾಗುತ್ತದೆಂದು ನಾವೂ ಹಿಂದೆ ಓಡಿದೆವು. ಹೋಗಿ ನೋಡಿದರೆ ರಾಜೇಸಾಬ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೈಕಟ್ಟಿ ನಿಂತಿದ್ದಾನೆ, ಸರ್ ಅವನಿಗೆ ಉಚ್ಚಾರ ತಿದ್ದುತ್ತಿದ್ದಾರೆ. ಟೋಪಿ ಯಾವ ಕಡೆ ವಾಲಬೇಕು ಎಂಬುದನ್ನೂ ಹೇಳಿಕೊಟ್ಟರು. ಸೋಮವಾರ ಮುಂಜಾನೆ ಅಂಗಡಿಗೆ ಬಂದು, ಏನೂ ಆಗಿಯೇ ಇಲ್ಲವೆನ್ನುವಂತೆ ತಮ್ಮ ಸ್ಟೂಲಿನ ಮೇಲೆ ಕೂತು, ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದರು. ಆ ಮಾತು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಂದಿನಿಂದ ಸರ್ ಆ ಪಾತ್ರದ ಯಜಮಾನರಾದರು. ನೆಂಟರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ, "ನಮ್ಮ ಮ್ಯಾಲೆ ಒಂದು ಸೀನು ಬರದಾರ" ಎಂದು ಹೇಳತೊಡಗಿದರು. ಇಂಡಿಯಿಂದ ಅವರ ಭಾವ ಬರುವ ಹೊತ್ತಿಗೆ ಕಂಪನಿ ಸಿಂದಗಿಯ ಕ್ಯಾಂಪ್ ಎಬ್ಬಿಸಿ ಮುದ್ದೇಬಿಹಾಳಕ್ಕೆ ಹೋಗಿಬಿಟ್ಟಿತ್ತು. ಸರ್ ಬಿಡಲಿಲ್ಲ. ಭಾವನನ್ನೂ ನಮ್ಮನ್ನೂ ಬಸ್ಸು ಹತ್ತಿಸಿ ಮುದ್ದೇಬಿಹಾಳಕ್ಕೆ ಒಯ್ದರು. ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು. ಗಂಗಕ್ಕ ರೇಷ್ಮೆ ಸೀರೆಯಲ್ಲಿ ಬಂದಿದ್ದರು. ನಾನು ಹೊಸ ಫ್ರೇಮಿನ ಚಷ್ಮಾ ಹಾಕಿದ್ದೆ. ಮುಂದಿನ ಸಾಲಿನಲ್ಲಿ ಕೂತು, ಜನ ಗುರುತಿಸಲೆಂದು ಆಗಾಗ ಹಿಂದೆ ತಿರುಗಿ ನೋಡಿದೆವು. ಯಾರೂ ಗುರುತಿಸಲಿಲ್ಲ.

ಮದುವೆಯ ದೃಶ್ಯ ಬಂತು. ಬೀಗರು ಮೂವರೂ ಬಂದರು. ಅವರು ನಾವಾಗಿರಲಿಲ್ಲ! ಸೊಂಟದಿಂದ ಮುಂದೆ ಹೊಟ್ಟೆ ಬಂದಿದ್ದ ಒಬ್ಬ ಗೊಬ್ಬರದ ವ್ಯಾಪಾರಿ, ಮಾತಿಗೊಮ್ಮೆ ಕಾನೂನು ಹೇಳುವ ಒಬ್ಬ ವಕೀಲ, ಎಲ್ಲರಿಗೂ ಮದ್ದು ಹೇಳುವ ಒಬ್ಬ ಮುದುಕಿ. ಮುದ್ದೇಬಿಹಾಳದ ಜನ ಬಿದ್ದು ಬಿದ್ದು ನಕ್ಕರು. ಇವರಲ್ಲಿ ಏನಿದೆ ನಗುವಂಥದ್ದು ಎಂದು ನಮಗೆ ಅರ್ಥವಾಗಲಿಲ್ಲ.

"ಎಲ್ಲಿದ್ದೀರಿ ನೀವು?" ಎಂದು ಭಾವ ಕೇಳಿದರು. ಸರ್ ಧೋತರದ ನಿರಿಗೆ ಸರಿ ಮಾಡಿಕೊಂಡರು.

ಮಧ್ಯಂತರದಲ್ಲಿ ಪರದೆಯ ಹಿಂದೆ ಹೋದೆವು. "ನಮ್ಮನ್ಯಾಕ ತಗದೀ ರಾಜೇಸಾಬ?" ಎಂದರು ಸರ್. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

ಆತ ಬೀಡಿ ಆರಿಸಿ ಎದ್ದು ನಿಂತ. "ಸರ, ಇಲ್ಲೆ ನಿಮ್ಮನ್ನ ಯಾರು ಬಲ್ಲರ್ರಿ? ನಾಳೆ ಬಸವನ ಬಾಗೇವಾಡಿಗೆ ಹೋದ್ರ ಇವರನ್ನೂ ಬಿಡತೇನ್ರಿ. ಊರಿಗೆ ಮೂರು ಮಂದಿ ಸಿಕ್ಕೇ ಸಿಗತಾರ."

ನಮ್ಮಂಥವರು ಜಗತ್ತಿಗೆ ನಾವು ಮೂವರೇ ಎಂದು ತಿಳಿದಿದ್ದೆವು. ಊರೂರಿಗೂ ಒಂದು ಸೆಟ್ ಇದೆಯೆಂದು ಗೊತ್ತಾದಾಗ ಆಗುವ ಅವಮಾನ ನಗೆಪಾಟಲಾದ ಅವಮಾನಕ್ಕಿಂತ ದೊಡ್ಡದು. ತೆಪ್ಪಗೆ ಬಂದು ಕೂತೆವು.

ಮಧ್ಯಂತರದ ನಂತರ ತೊಟ್ಟಿಲ ಕಾರ್ಯಕ್ರಮದ ದೃಶ್ಯದಲ್ಲಿ ಗೊಬ್ಬರದ ವ್ಯಾಪಾರಿ ಮತ್ತೆ ಬಂದ. ಹೊಟ್ಟೆ ಅಡ್ಡ ಬಂದು ತೊಟ್ಟಿಲು ತೂಗಲು ಆಗದೆ ಪರದಾಡಿದ. ಆಗ ನಮ್ಮ ಸಾಲಿನಲ್ಲೇ, ಮಧ್ಯಂತರದಲ್ಲಿ ಬಂದು ಸರ್ ಪಕ್ಕಕ್ಕೆ ಕೂತಿದ್ದ ಒಬ್ಬರು ಕೆಂಪಗಾಗಿ ಎದ್ದು ನಿಂತರು. ಜನ ಅವರನ್ನೇ ತೋರಿಸಿ ನಗುತ್ತಿದ್ದರು. ಇನ್ನೇನು ಹೊರಟೇಬಿಡಬೇಕು, ಕುಲಕರ್ಣಿ ಸರ್ ಅವರ ಕೈ ಹಿಡಿದರು.

"ಕೂಡ್ರಿ ಸಾವಕಾರ್ರ. ಸಿಟ್ಟು ಆಮ್ಯಾಲ ಮಾಡ್ಲಿಕ್ಕೆ ಬರ್ತದ. ಕ್ಯಾಂಪ್ ಎಬ್ಬಿಸೂತನಕ ಅಷ್ಟ ನಿಮ್ಮ ಪಾರ್ಟು. ಇರೂತನಕ ನೋಡಕೋರಿ."

ಆ ಮನುಷ್ಯ ಸರ್ ಮುಖವನ್ನೇ ನೋಡಿದರು. ಏನು ಕಂಡಿತೋ, ನಿಧಾನಕ್ಕೆ ಕೂತರು. ಗಂಗಕ್ಕ ಮುಂದಕ್ಕೆ ಬಾಗಿ ರಂಗದ ಮೇಲಿನ ಹೊಟ್ಟೆಯನ್ನೊಮ್ಮೆ, ಪಕ್ಕದ ಹೊಟ್ಟೆಯನ್ನೊಮ್ಮೆ ತೂಗಿ ನೋಡಿ, ಸಮಾಧಾನದ ದನಿಯಲ್ಲಿ ಹೇಳಿದರು.

"ಖರೇ ಹೇಳ್ತೇನ್ರಿ ಸಾವಕಾರ್ರ, ನಿಮ್ಮನ್ನ ಭಾಳ ತೆಳ್ಳಗ ತೋರಿಸ್ಯಾರ."