ಕಣ್ಣು ಬರೆಯುತ್ತಿದ್ದ ಹುಡುಗಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಕೊಂಡಪಲ್ಲಿಯ ಹತ್ತಿರ, ಅಪ್ಪ ಕೆಲಸ ಮಾಡುತ್ತಿದ್ದ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನಲ್ಲಿತ್ತು. ಮೈಸೂರಿನವರಾದ ಅಪ್ಪ ಸುಮ್ಮನಿರುವ ಪೈಕಿಯಲ್ಲ. ಮರದ ಗೊಂಬೆ ಮಾಡುವವರ ಕೇರಿಯಲ್ಲಿ ಅಕ್ಕನ ವಯಸ್ಸಿನ ಹುಡುಗಿಯೊಬ್ಬಳು ಶಾಲೆಯ ಮುಖವನ್ನೇ ನೋಡಿಲ್ಲವೆಂದು ತಿಳಿದಾಗ, ಅವಳ ತಂದೆಯ ಬೆನ್ನು ಬಿದ್ದು ಸರ್ಕಾರಿ ಶಾಲೆಗೆ ಸೇರಿಸಿಯೇ ಬಿಟ್ಟರು. ಅಕ್ಕ ದಿನಾ ಅವಳನ್ನು ಮನೆಯಿಂದ ಕರೆದುಕೊಂಡು ಹೋಗುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಅವಳು ನನಗಿಂತ ಚೆನ್ನಾಗಿ ಓದತೊಡಗಿದಳು. ನನಗೆ ಹೊಟ್ಟೆಕಿಚ್ಚೋ ಹೊಟ್ಟೆಕಿಚ್ಚು.

ಅಷ್ಟರಲ್ಲಿ ದಸರೆ ಹತ್ತಿರ ಬಂತು. ಗೊಂಬೆ ಕೂರಿಸದಿದ್ದರೆ ನಮ್ಮ ಕಡೆ ಅದು ದಸರೆಯೇ ಅಲ್ಲ. ಕ್ವಾರ್ಟರ್ಸಿನ ಕನ್ನಡದ ಮನೆಗಳವರೆಲ್ಲ ತಮಗೂ ಗೊಂಬೆ ಬೇಕೆಂದರು. ಕೇರಿಯವರಿಗೂ ಕೆಲಸ ಸಿಗಲೆಂದು ಅಪ್ಪ ಖುಷಿಯಿಂದ ಎಲ್ಲವನ್ನೂ ಆ ಹುಡುಗಿಯ ತಂದೆಗೇ ಒಪ್ಪಿಸಿದರು. ಆಮೇಲೆ ಅವಳು ಶಾಲೆಗೆ ಬರಲಿಲ್ಲ; ಕರೆಯಲು ಹೋದ ಅಕ್ಕನನ್ನು ಅವಳ ತಂದೆ, ಇವತ್ತು ಬರುವುದಿಲ್ಲವೆಂದು ಕೇರಿಯ ತುದಿಯಿಂದಲೇ ಕಳಿಸಿಬಿಟ್ಟರು. ಜ್ವರವಿರಬೇಕು ಅಂದುಕೊಂಡೆವು.

ಗೊಂಬೆ ತರಲು ಅಕ್ಕನೂ ನಾನೂ ಅಪ್ಪನ ಜೊತೆ ಹೋದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಜಗಲಿಯ ತುಂಬ ಮರದ ಹೊಟ್ಟು, ಹಸಿ ಬಣ್ಣದ ಘಾಟು. ಸಾಲಾಗಿ ನಿಂತ ರಾಜ, ರಾಣಿ, ಆನೆ. ಅರ್ಧಕ್ಕರ್ಧ ಗೊಂಬೆಗಳಿಗೆ ಕಣ್ಣೇ ಇಲ್ಲ. ನಡುವೆ ಕೂತು ಅವಳು ಒಂದೊಂದಕ್ಕೂ ಕಣ್ಣು ಬರೆಯುತ್ತಿದ್ದಳು. ಸಣ್ಣ ಬೆರಳಿಗೇ ಆ ಕೆಲಸ ಒಗ್ಗುತ್ತದಂತೆ. ಅಪ್ಪ ಶಾಲೆಯ ಮಾತೆತ್ತಿದಾಗ ಅವಳ ತಂದೆ ಕೈ ಮುಗಿದು, "ಪಂಡಗ ಅಯ್ಯಾಕ ಪಂಪಿಸ್ತಾನು ಸಾರ್" ಎಂದರು. ಹಬ್ಬ ಮುಗಿದ ಮೇಲೆ ಕಳಿಸುತ್ತಾರಂತೆ. ಅಪ್ಪನ ಮುಖ ಕಪ್ಪಿಟ್ಟಿತು. ಅವಳನ್ನು ಶಾಲೆ ಬಿಡಿಸಿದ್ದು ತಮ್ಮ ಗೊಂಬೆಗಳೇ ಎಂದು ಆಗಷ್ಟೇ ಅವರಿಗೆ ಹೊಳೆದಿರಬೇಕು. ಯಾವಾಗ ಬರುತ್ತೀಯೆಂದು ಅಕ್ಕ ಕೇಳಿದ್ದಕ್ಕೆ, ಇನ್ನೂ ಇಷ್ಟು ಕಣ್ಣು ಬಾಕಿ ಇವೆ ಎಂದಳು, ತಲೆ ಎತ್ತದೆ.

ಹಬ್ಬದ ದಿನಗಳಲ್ಲಿ ನಾನು ಗೊಂಬೆ ಕೂರಿಸಿದ ಕೋಣೆಗೆ ಒಬ್ಬನೇ ಹೋಗಲಿಲ್ಲ. ಎಲ್ಲಿ ನಿಂತರೂ ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಅಪ್ಪ ನಾಚಿಕೆಯಿಂದ ಆ ಕೇರಿಯ ದಾರಿಯನ್ನೇ ಬಿಟ್ಟರು, ಅಕ್ಕನನ್ನೂ ಕಳಿಸಲಿಲ್ಲ. ಆ ಕಡೆ ಸಂಕ್ರಾಂತಿಗೂ ಗೊಂಬೆ ಕೂರಿಸುತ್ತಾರೆ; ಮುಂದೆ ವಿಜಯವಾಡದ ಅಂಗಡಿಯವರು ಅದಕ್ಕೂ ಗೊಂಬೆ ಕೇಳಿದರಂತೆ. ಅವಳು ಶಾಲೆಗೆ ಮರಳಲೇ ಇಲ್ಲ.

ಈಗ ಎಂವಿಪಿ ಕಾಲೋನಿಯ ನಮ್ಮ ಗೇಟಿನ ಮುಂದೆ ಬೆಳಿಗ್ಗೆ ನಿಮ್ಮ ಶಾಲೆಯ ಬಸ್ಸು ಬಂದು ನಿಲ್ಲುತ್ತದೆ. ನೀವು ಸಾಕ್ಸ್ ಹುಡುಕುತ್ತ, ಇವತ್ತೊಂದು ದಿನ ಬೇಡ ತಾತಾ ಎಂದು ಗೋಗರೆಯುತ್ತೀರಿ. ಬಸ್ಸು ಬಿಟ್ಟುಹೋಗುವುದಿಲ್ಲ, ಹಾರ್ನ್ ಹೊಡೆದು ಮತ್ತೆ ಮತ್ತೆ ಕರೆಯುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ಅವಳು ನೆನಪಾಗುತ್ತಾಳೆ, ಮಕ್ಕಳೇ. ಹಬ್ಬ ಮುಗಿದ ಮರುದಿನ ಅವಳು ತಲೆ ಬಾಚಿಕೊಂಡು ಬಾಗಿಲಲ್ಲಿ ಕಾದಿದ್ದಳೇನೋ. ಕರೆಯಲು ನಾವು ಯಾರೂ ಹೋಗಲಿಲ್ಲ.